ಹ್ಯಾಂಡಲ್ ತಡೆದರೆ ಕೈ ನಿಲ್ಲಿಸು

ತಮ್ಮಾ, ತೋಟಾ ತುಂಬುವ ಪ್ರೆಸ್ ಸರಿಯಾಗಿ ನಡೆಯುತ್ತಿಲ್ಲ ಎಂದು ನೀನು ಹೇಳಿದಾಗಲೆಲ್ಲ ನಾನು ಕೇಳುವುದು ಒಂದೇ ಮಾತು: ಹ್ಯಾಂಡಲ್ ಎಳೆದಾಗ ಕೈಗೆ ಏನು ತಿಳಿಯಿತು? ಯಾವ ಭಾಗ ಕೆಟ್ಟಿದೆ, ಅದು ಎಲ್ಲಿ ಸಿಗುತ್ತದೆ ಎನ್ನುವುದೆಲ್ಲ ಆಮೇಲೆ. ಯಂತ್ರ ಕೆಡುವ ಮೊದಲು ತನ್ನನ್ನು ನಡೆಸುವವನ ಕೈಗೆ ಸುದ್ದಿ ಮುಟ್ಟಿಸುತ್ತದೆ. ನಿನ್ನೆಯವರೆಗೆ ಹಗುರವಾಗಿ ಇಳಿಯುತ್ತಿದ್ದ ಹ್ಯಾಂಡಲ್ ಇವತ್ತು ನಡುವೆ ಒಂಚೂರು ತಡೆದರೆ, ಆ ತಡೆಯೇ ಸುದ್ದಿ. ಅಲ್ಲಿ ಕೈ ನಿಲ್ಲಿಸಿದವನಿಗೆ ಹೆಚ್ಚೆಂದರೆ ಒಂದು ಹಿತ್ತಾಳೆ ಕೇಸ್ ನಷ್ಟ. ಮೈಭಾರ ಹಾಕಿ ಎಳೆದವನಿಗೆ ಡೈ ಹೋಗಬಹುದು, ಬೆರಳು ಹೋಗಬಹುದು, ಕಣ್ಣೂ ಹೋಗಬಹುದು.

ಇದನ್ನು ನಿನ್ನೊಬ್ಬನಿಗೇ ಬರೆಯದೆ ಎಲ್ಲರೂ ಓದುವಂತೆ ಬರೆಯುತ್ತಿರುವುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀನಿರುವ ಟೆಕ್ಸಾಸ್‌ನಲ್ಲಿ, ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುವವರು ತಮ್ಮ ತೋಟಾಗಳನ್ನು ತಾವೇ ಮತ್ತೆ ತುಂಬಿಕೊಳ್ಳುವುದು ಕಾನೂನಿಗೆ ಒಪ್ಪಿದ ಹವ್ಯಾಸ. ಮಾಡಿ ಮಾರಬೇಕೆಂದರೆ ಅಲ್ಲಿಯೂ ಫೆಡರಲ್ ಪರವಾನಗಿ ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಸಂತೆಕಲ್ಲೂರಿನಲ್ಲಾಗಲಿ ಮಸ್ಕಿಯಲ್ಲಾಗಲಿ ಕುಳಿತು ಇದನ್ನು ಓದುವ ಹುಡುಗರು ತೋಟಾ ತುಂಬಲು ಹೋಗಬಾರದು. ಅವರಿಗೆ ಬೇಕಾದದ್ದು ಇದರಲ್ಲಿ ಬೇರೆ ಇದೆ. ಎಣ್ಣೆ ಗಾಣ ನಡೆಸುವವನಿಗೂ, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿರುವವನಿಗೂ ಕೈಯ ಮಾತು ಒಂದೇ.

ನಾನು ಈ ಕೈಯ ಮಾತು ಕಲಿತದ್ದು ಹಟ್ಟಿ ಚಿನ್ನದ ಗಣಿಯಲ್ಲಿ. ಅಲ್ಲಿ ನನ್ನದು ಫಿಟ್ಟರ್ ಕೆಲಸ. ಕಂಪ್ರೆಸ್ಸರ್, ಪಂಪು, ಬಂಡೆ ಕೊರೆಯುವ ಡ್ರಿಲ್ಲು ಇವುಗಳ ಜೊತೆ ಕಾಲ ಕಳೆದವನು. ಆದರೆ ಭೂಮಿಯೊಳಗೆ ಇಳಿಯುವ ಫಿಟ್ಟರ್‌ಗೆ ಮದ್ದಿನ ಶಿಸ್ತು ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ. ಸ್ಫೋಟಕ ಒಂದು ಡಬ್ಬಿಯಲ್ಲಿ, ಡೆಟೊನೇಟರ್ ಇನ್ನೊಂದರಲ್ಲಿ. ಎರಡೂ ಒಟ್ಟಿಗೆ ಒಬ್ಬನ ಚೀಲದಲ್ಲಿ ಇರಬಾರದು. ತೂತಿನೊಳಗೆ ಮದ್ದು ದೂಡಲು ಕಟ್ಟಿಗೆಯ ಕೋಲೇ ಆಗಬೇಕು, ಕಬ್ಬಿಣ ಮುಟ್ಟುವ ಹಾಗಿಲ್ಲ. ಸಿಡಿಯದೆ ಉಳಿದ ತೂತನ್ನು ಕೆದಕುವ ಹಾಗಿಲ್ಲ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ ಇವೆಲ್ಲ ಬರೆದಿವೆ. ಆದರೆ ನಮಗೆ ಅವು ಪುಸ್ತಕದಿಂದ ಬಂದವಲ್ಲ, ಹಿರಿಯ ಬ್ಲಾಸ್ಟರ್‌ಗಳ ಗದರಿಕೆಯಿಂದ ಬಂದವು. ನಿನ್ನ ಗ್ಯಾರೇಜಿಗೆ ಬಂದು ಆ ಪ್ರೆಸ್ ನೋಡಿದಾಗ ನನಗೆ ಹೊಸತು ಅನ್ನಿಸಿದ್ದು ಅದರ ಗಾತ್ರ ಮಾತ್ರ. ಪ್ರೈಮರ್ ಎನ್ನುವುದು ಪೆಟ್ಟು ಬಿದ್ದರೆ ಸಿಡಿಯುವ ಪುಟ್ಟ ಬಟ್ಟಲು. ಅದರ ಪಕ್ಕದಲ್ಲಿ ಮದ್ದು. ಇವೆರಡರ ನಡುವೆ ನಿನ್ನ ಕೈ.

ಪ್ರೆಸ್ ಮಾಡುವ ಕೆಲಸವನ್ನು ನೀನು ಬಲ್ಲೆ. ಸುಟ್ಟ ಪ್ರೈಮರನ್ನು ತಳದಿಂದ ತಳ್ಳಿ ಹೊರಹಾಕುತ್ತದೆ, ಉಬ್ಬಿದ ಕೇಸನ್ನು ಡೈಯೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತದೆ, ಹೊಸ ಪ್ರೈಮರ್ ಕೂರಿಸುತ್ತದೆ, ಮದ್ದು ಸುರಿಯುತ್ತದೆ, ಗುಂಡು ಕೂರಿಸಿ ಬಾಯಿ ಬಿಗಿಯುತ್ತದೆ. ಇದರಲ್ಲಿ ಗಮನಿಸಬೇಕಾದದ್ದು, ತೊಂದರೆ ಕಾಣಿಸಿಕೊಳ್ಳುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ. ಪ್ರೈಮರ್ ಎತ್ತರ ಕೂತಿದೆ ಎಂದು ಪ್ರೈಮರ್ ಕೂರಿಸುವ ತೋಳನ್ನು ಹಿಡಿದು ಸರಿಮಾಡುತ್ತಾ ಕೂರುತ್ತೀಯ. ತಪ್ಪು ಅದರದಲ್ಲ, ಕೇಸಿನ ಕುಳಿಯೊಳಗೆ ಗಟ್ಟಿಯಾಗಿ ಕೂತ ಮಸಿಯದು. ಗುಂಡು ಒಂದು ಆಳ, ಒಂದು ಮೇಲೆ ಎಂದು ಡೈ ತಿರುಗಿಸುತ್ತೀಯ. ತಪ್ಪು ಡೈಯದಲ್ಲ, ಬೆಂಚು ಅಲುಗುತ್ತಿರುತ್ತದೆ. ಆದ್ದರಿಂದ ಏನೇ ಕೆಟ್ಟರೂ ಕಂಡ ಜಾಗದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡು. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಅದೇ ಪರದಾಟ.

ಮೊದಲು ಮಸಿಯ ವಿಚಾರ. ಸುಟ್ಟ ಪ್ರೈಮರ್ ಹೊರಬೀಳುವಾಗ ಕರಿ ಪುಡಿ ಉದುರುತ್ತದೆ. ಅದನ್ನು ಎರಡು ಬೆರಳ ನಡುವೆ ತಿಕ್ಕಿದರೆ ಹಿಟ್ಟಿನಂತೆ ನುಣ್ಣಗಿರುವುದಿಲ್ಲ, ಗರಗರ ಅನ್ನುತ್ತದೆ. ಅದು ರ್‍ಯಾಮ್ ಎಂಬ ಕೇಸು ಎತ್ತುವ ದಂಡದ ಮೇಲೆ ಬೀಳುತ್ತದೆ, ಅಲ್ಲಿ ನೀನು ಹಚ್ಚಿದ ಎಣ್ಣೆಗೆ ಅಂಟುತ್ತದೆ, ರ್‍ಯಾಮ್ ಮೇಲೆ ಕೆಳಗೆ ಆಡುವಾಗ ಉಕ್ಕನ್ನೇ ಸವೆಸುತ್ತದೆ. ಒಣಗಿದೆ ಎಂದು ಮೇಲಿಂದ ಮೇಲೆ ಎಣ್ಣೆ ಬಿಡುವುದು ದೊಡ್ಡ ತಪ್ಪು. ಮೊದಲು ಒಣ ಅರಿವೆಯಿಂದ ಒರೆಸು. ಅರಿವೆಯ ಮೇಲೆ ಕರಿ ಗೆರೆ ಬರುವುದು ನಿಲ್ಲುವವರೆಗೆ ಒರೆಸು. ಆಮೇಲೆ ಒಂದೇ ಹನಿ ಎಣ್ಣೆ, ಅದನ್ನೂ ಬೆರಳಿನಿಂದ ತೆಳ್ಳಗೆ ಸವರು. ಹ್ಯಾಂಡಲಿನ ಕೀಲುಗಳಿಗೆ, ಪಿನ್ನುಗಳಿಗೆ ತಯಾರಕರು ಹೇಳಿದ ಗ್ರೀಸು ಹಾಕು. ಆ ಮಸಿಯಲ್ಲಿ ಸೀಸ ಇದೆ ಎನ್ನುವುದನ್ನು ಮರೆಯಬೇಡ. ಬೆಂಚಿನ ಮೇಲೆ ಚಹದ ಕಪ್ಪು ಬೇಡ, ಚೂಡಾ ತಟ್ಟೆ ಬೇಡ. ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆದ ಮೇಲೆಯೇ ಮಗುವನ್ನು ಎತ್ತಿಕೋ. ಕೇಸು ತಿಕ್ಕುವ ಯಂತ್ರದ ಧೂಳಿಗೂ ಇದೇ ಮಾತು. ಆ ಯಂತ್ರವನ್ನು ಮನೆಯೊಳಗೆ ಓಡಿಸಬೇಡ.

ಇನ್ನು ಎಣ್ಣೆಯ ಮತ್ತೊಂದು ಮುಖ. ಪಿಸ್ತೂಲಿನ ನೇರ ಕೇಸಿಗೆ ಕಾರ್ಬೈಡ್ ಡೈ ಇದ್ದರೆ ಎಣ್ಣೆ ಹಚ್ಚದೆಯೂ ನಡೆಯುತ್ತದೆ. ರೈಫಲ್ಲಿನ ಕುತ್ತಿಗೆಯುಳ್ಳ ಕೇಸಿಗೆ ಹಚ್ಚಲೇಬೇಕು. ಕಡಿಮೆಯಾದರೆ ಕೇಸು ಡೈಯೊಳಗೆ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೆಗಲ ಮೇಲೆ ತಗ್ಗು ಬೀಳುತ್ತದೆ. ತಗ್ಗು ಬಿದ್ದರೆ ಡೈಯಲ್ಲಿ ಎಣ್ಣೆ ತುಂಬಿದೆ ಎಂದೇ ತಿಳಿದು ಡೈ ತೊಳೆ. ಕಚ್ಚಿಕೊಂಡದ್ದನ್ನು ಹ್ಯಾಂಡಲ್ ಜಗ್ಗಿ ಬಿಡಿಸಲು ಹೋದರೆ ಕೇಸಿನ ಅಂಚು ಹರಿದು ಬರುತ್ತದೆ, ಉಳಿದದ್ದು ಒಳಗೇ. ಅದರ ದಾರಿ ಬೇರೆ. ಪ್ರೈಮರ್ ಹೊರಬಿದ್ದಿದೆ ಎಂದು ಕಣ್ಣಾರೆ ನೋಡಿ ಖಚಿತ ಮಾಡಿಕೊ. ಡೈ ಬಿಚ್ಚಿ ವೈಸಿಗೆ ಹಾಕು, ನಡುವಿನ ಕಡ್ಡಿಯನ್ನು ಮೇಲಕ್ಕೆ ಎತ್ತು. ಕೇಸಿನ ತಳದ ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಿ ಟ್ಯಾಪ್ ಹಾಕು. ವಾಷರ್‌ಗಳ ಮೇಲೆ ಬೋಲ್ಟು ಕೂರಿಸಿ ಪಾನಾದಿಂದ ನಿಧಾನ ತಿರುಗಿಸಿದರೆ ಕೇಸು ತಾನೇ ಎದ್ದು ಬರುತ್ತದೆ. ಪ್ರೈಮರ್ ಇನ್ನೂ ತಳದಲ್ಲೇ ಇದ್ದರೆ ಡ್ರಿಲ್ ಮುಟ್ಟಬೇಡ. ತಯಾರಕರಿಗೆ ತಿಳಿಸಿ ಅವರು ಹೇಳಿದಂತೆ ಮಾಡು. ಒಂದು ಡೈಯ ಬೆಲೆ ದೊಡ್ಡದಲ್ಲ.

ಸುಟ್ಟ ಪ್ರೈಮರನ್ನು ತಳ್ಳುವ ಆ ಕಡ್ಡಿ ಪದೇಪದೇ ಮುರಿಯುತ್ತದೆ ಎಂದಿದ್ದೆಯಲ್ಲ, ಕೇಸಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡು. ತಳದಲ್ಲಿ ನಡುವೆ ಒಂದೇ ತೂತಿದ್ದರೆ ಅದು ಬಾಕ್ಸರ್ ರೀತಿಯದು, ನಿನ್ನ ಡೈ ಅದಕ್ಕೇ ಮಾಡಿದ್ದು. ಎರಡು ಸಣ್ಣ ತೂತಿದ್ದರೆ ಬರ್ಡನ್ ರೀತಿಯದು, ಅಲ್ಲಿ ಕಡ್ಡಿ ಗಟ್ಟಿ ಹಿತ್ತಾಳೆಗೆ ಗುದ್ದಿ ಮುರಿಯುತ್ತದೆ. ಬಾಕ್ಸರ್ ಇಂಗ್ಲೆಂಡಿನವನು, ಅವನ ರೀತಿ ಅಮೆರಿಕದಲ್ಲಿ ನೆಲೆಯೂರಿತು. ಬರ್ಡನ್ ಅಮೆರಿಕದವನು, ಅವನ ರೀತಿ ಯುರೋಪಿನಲ್ಲಿ ಹರಡಿತು. ಮೈದಾನದಲ್ಲಿ ಬಿದ್ದ ಕೇಸು ಹೆಕ್ಕಿ ತರುವವನಿಗೆ ಎರಡೂ ಬೆರೆತು ಸಿಗುತ್ತವೆ. ಕೇಸಿನಲ್ಲಿ ಹರಳು ಸಿಕ್ಕಿಕೊಂಡಿದ್ದರೂ ಹೀಗೇ ಆಗುತ್ತದೆ.

ಪ್ರೈಮರ್ ಕೂರಿಸುವಾಗ ನನ್ನ ಮಾತು ಗಟ್ಟಿ. ಒತ್ತಾಯ ಮಾಡಬೇಡ. ಸರಿಯಾಗಿ ಕೂತದ್ದು ಕೇಸಿನ ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. ಬೆರಳ ತುದಿ ಸವರಿದರೆ ತಿಳಿಯುತ್ತದೆ, ಕಣ್ಣಿಗಿಂತ ಬೆರಳೇ ಮೇಲು. ಕೂರದಿದ್ದರೆ ಕುಳಿ ಕೊಳೆಯಾಗಿದೆ, ಇಲ್ಲವೆ ಸೈನ್ಯದ ಕೇಸು ಆಗಿದ್ದು ಕುಳಿಯ ಅಂಚನ್ನು ಒಳಕ್ಕೆ ಬಗ್ಗಿಸಿದ್ದಾರೆ. ಆ ಅಂಚನ್ನು ಅದಕ್ಕೆಂದೇ ಇರುವ ಉಪಕರಣದಿಂದ ಅಗಲಿಸಬೇಕು. ಅಡ್ಡ ಬಿದ್ದು ಜಜ್ಜಿಹೋದ ಪ್ರೈಮರನ್ನು ಇನ್ನೊಂದು ಸಲ ಒತ್ತಿ ನೆಟ್ಟಗೆ ಮಾಡುವ ಆಸೆ ಬೇಡ. ಪ್ರೈಮರ್‌ಗಳನ್ನು ಅಂಗಡಿಯಿಂದ ಬಂದ ಡಬ್ಬಿಯಲ್ಲೇ ಇಡು. ಅಲ್ಲಿ ಒಂದೊಂದಕ್ಕೂ ಬೇರೆ ಬೇರೆ ಗೂಡು ಮಾಡಿದ್ದಾರೆ. ಗಾಜಿನ ಬಾಟಲಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಉಳಿದವೆಲ್ಲ ಒಟ್ಟಿಗೆ ಸಿಡಿಯುತ್ತವೆ. ಪ್ರೈಮರ್ ಇಳಿಯುವ ನಳಿಗೆಯಲ್ಲಿ ಸಿಕ್ಕಿಬಿದ್ದರೆ ಮೇಲಿನಿಂದ ಸರಳು ಹಾಕಿ ಗುದ್ದಬೇಡ. ಹಟ್ಟಿಯಲ್ಲಿ ಕಬ್ಬಿಣದ ಕೋಲು ನಿಷೇಧ ಎಂದು ಹೇಳಿದೆನಲ್ಲ, ಇಲ್ಲಿಯೂ ಹಾಗೆಯೇ. ನಳಿಗೆ ಬಿಚ್ಚು, ತಲೆಕೆಳಗು ಮಾಡು, ಬೀಳದಿದ್ದರೆ ತಯಾರಕರಿಗೆ ಫೋನ್ ಮಾಡು. ಇದನ್ನೆಲ್ಲ ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ, ದೃಷ್ಟಿಯದ್ದಲ್ಲ, ರಕ್ಷಣೆಯದ್ದು. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯನ್ನು ಪ್ರೈಮರ್ ಹತ್ತಿರ ತರಬೇಡ. ಎಣ್ಣೆ ಒಳಹೊಕ್ಕ ಪ್ರೈಮರ್ ಸಾಯುತ್ತದೆ, ಇಲ್ಲವೆ ಅರೆಬರೆ ಉರಿಯುತ್ತದೆ. ಅರೆಬರೆ ಉರಿಯುವುದೇ ಹೆಚ್ಚು ಅಪಾಯ.

ಮದ್ದಿನ ವಿಷಯ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡ. ಮದ್ದನ್ನು ನೀವು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು. ಪಿಸ್ತೂಲಿನ ತೋಟಾದಲ್ಲಿ ಕೆಲವೇ ಗ್ರೇನ್ ಮದ್ದು ಇರುತ್ತದೆ, ಅಲ್ಲಿ ಅರ್ಧ ಗ್ರೇನ್ ತಪ್ಪಿದರೂ ಅದು ತಪ್ಪೇ. ಆದ್ದರಿಂದ ತಕ್ಕಡಿಯನ್ನು ನಂಬುವ ಮೊದಲು ಪರೀಕ್ಷಿಸು. ಅಳತೆಗೆಂದೇ ಮಾಡಿದ ತೂಕದ ಬಿಲ್ಲೆಗಳು ಸಿಗುತ್ತವೆ, ಕೊಂಡು ತಾ. ಕೆಲಸ ಶುರುವಿಗೆ ಒಮ್ಮೆ, ನಡುವೆ ಒಮ್ಮೆ, ಮುಗಿಸುವಾಗ ಒಮ್ಮೆ ಇಟ್ಟು ನೋಡು. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಚ್ಚಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಡು. ಫ್ಯಾನಿನ ಗಾಳಿ, ಏಸಿಯ ಗಾಳಿ ಅದರ ಮೇಲೆ ಬೀಸಬಾರದು. ಟ್ಯೂಬ್‌ಲೈಟು, ಮೊಬೈಲು ಹತ್ತಿರ ಬೇಡ. ಅಂಕಿ ತಾನಾಗಿ ಜಾರತೊಡಗಿದರೆ ಮದ್ದಿನ ಯಂತ್ರವನ್ನು ಬೈಯುವ ಮೊದಲು ಇವನ್ನು ನೋಡು.

ಮದ್ದು ಸುರಿಯುವ ಯಂತ್ರ ತೂಗುವುದಿಲ್ಲ, ಅದು ಜಾಗವನ್ನು ಅಳೆಯುತ್ತದೆ. ಕಡ್ಡಿಯಂಥ ಉದ್ದ ಕಾಳಿನ ಮದ್ದಾದರೆ ಗಿರಣಿಯಲ್ಲಿ ಹಸಿ ಜೋಳ ಸುರಿದಾಗ ಬಾಯಿ ಕಟ್ಟುವ ಹಾಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಆಗ ಒಂದು ಕೇಸಿಗೆ ಕಡಿಮೆ ಬಿದ್ದು, ಕಟ್ಟು ಬಿಚ್ಚಿದ ಕೂಡಲೆ ಮುಂದಿನದಕ್ಕೆ ಹೆಚ್ಚು ಬೀಳುತ್ತದೆ. ಒಂದು ಕಡಿಮೆ ಸಿಕ್ಕಿತು ಎಂದು ಅದನ್ನಷ್ಟೇ ಎತ್ತಿಟ್ಟು ಮುಂದುವರಿಯಬೇಡ, ಅದರ ನಂತರದ್ದನ್ನೂ ತೂಗು. ಹ್ಯಾಂಡಲನ್ನು ಪ್ರತಿ ಸಲ ಒಂದೇ ವೇಗದಲ್ಲಿ ಎಳೆ. ಒಮ್ಮೆ ಜೋರು, ಒಮ್ಮೆ ಮೆಲ್ಲಗೆ ಎಳೆದರೆ ಮದ್ದು ಕೂರುವ ರೀತಿ ಬದಲಾಗಿ ತೂಕ ಬದಲಾಗುತ್ತದೆ. ಕಾಳು ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು ನಿಂತರೆ ಅದು ಸ್ಥಾಯಿ ವಿದ್ಯುತ್ತು. ಒಣ ಹವೆಯಲ್ಲಿ ಹೆಚ್ಚು. ಪ್ರೆಸ್ಸಿಗೆ ಅರ್ಥಿಂಗ್ ಕೊಡು. ಎಷ್ಟು ತೋಟಾಕ್ಕೊಮ್ಮೆ ತೂಗಬೇಕು ಎಂದು ಕೇಳಿದ್ದೆ. ಹತ್ತಕ್ಕೊಂದು ತೂಗುವುದನ್ನು ರೂಢಿ ಮಾಡಿಕೊ.

ಮೇಜಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ. ಎರಡನೆಯದು ಬೇಕೆಂದರೆ ಮೊದಲನೆಯದನ್ನು ಮುಚ್ಚಿ ಕಪಾಟಿಗೆ ಇಟ್ಟ ಮೇಲೆ. ಕೆಲಸ ಮುಗಿದ ಕೂಡಲೆ ಮದ್ದಿನ ಯಂತ್ರದಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ವಾಪಸು ಹಾಕು. ರಾತ್ರಿಯಿಡೀ ಬಿಟ್ಟರೆ ಕೆಲವು ಮದ್ದು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ, ಬೆಳಿಗ್ಗೆ ಎದ್ದಾಗ ಒಳಗಿರುವುದು ಯಾವುದು ಎಂಬ ಸಂಶಯ. ಸಂಶಯ ಬಂದ ಮದ್ದು ಬಳಸುವ ಮದ್ದಲ್ಲ. ಹಳೆಯ ಡಬ್ಬಿ ತೆರೆದಾಗ ಹುಳಿ ನಾತ ಬಂದರೆ, ಕೆಂಪು ಹೊಗೆಯಂಥದ್ದು ಕಂಡರೆ ಅದು ಕೆಟ್ಟಿದೆ, ಮನೆಯಲ್ಲಿ ಇಡಬಾರದು. ಎಷ್ಟು ಹಾಕಬೇಕು ಎನ್ನುವುದಕ್ಕೆ ಮದ್ದಿನ ಕಂಪನಿ, ಗುಂಡಿನ ಕಂಪನಿ ಅಚ್ಚು ಹಾಕಿದ ಪಟ್ಟಿಯೊಂದೇ ಆಧಾರ. ಗೆಳೆಯ ಹೇಳಿದ ಅಂಕಿ, ಎಲ್ಲೋ ಕೇಳಿದ ಅಂಕಿ ನಿನ್ನ ಬೆಂಚಿಗೆ ಬರಬಾರದು.

ನನಗೆ ಹೆಚ್ಚು ಕಳವಳ ತರುವುದು ನೀನು ಇತ್ತೀಚೆಗೆ ಕೊಂಡ ಪ್ರೋಗ್ರೆಸಿವ್ ಪ್ರೆಸ್. ಒಂದೊಂದೇ ಕೆಲಸ ಮಾಡುವ ಹಳೆಯ ಪ್ರೆಸ್ಸಿನಲ್ಲಿ ತಪ್ಪು ಮಾಡಲು ಸಮಯ ಬೇಕು. ಇದರಲ್ಲಿ ಹ್ಯಾಂಡಲ್ ಒಮ್ಮೆ ಇಳಿದರೆ ಹಲವು ಕೇಸುಗಳಲ್ಲಿ ಹಲವು ಕೆಲಸ ಒಟ್ಟಿಗೆ ಆಗುತ್ತವೆ. ನಡುವೆ ಎಲ್ಲೋ ಒಂದು ಸಿಕ್ಕಿಬೀಳುತ್ತದೆ. ನೀನು ಹ್ಯಾಂಡಲನ್ನು ಅರ್ಧಕ್ಕೆ ಎತ್ತುತ್ತೀಯ, ಸಿಕ್ಕಿದ್ದನ್ನು ಬಿಡಿಸುತ್ತೀಯ, ಮತ್ತೆ ಒತ್ತುತ್ತೀಯ. ಆ ಹೊತ್ತಿನಲ್ಲಿ ಮದ್ದಿನ ಕೆಳಗೆ ನಿಂತ ಕೇಸಿಗೆ ಎರಡು ಸಲ ಬಿತ್ತೋ, ಬೀಳಲೇ ಇಲ್ಲವೋ ನಿನಗೆ ತಿಳಿಯದು. ಮದ್ದಿನ ಪ್ರಮಾಣ ಕೇಸಿನ ಅರ್ಧಕ್ಕಿಂತ ಕಡಿಮೆಯಿದ್ದರೆ ಎರಡು ಪಾಲೂ ಒಳಗೆ ಹಿಡಿಸುತ್ತವೆ, ಹೊರಗೆ ಚೆಲ್ಲಿ ಎಚ್ಚರಿಸುವುದೂ ಇಲ್ಲ. ಹೀಗಾಗಿ ನಿನಗೆ ನನ್ನ ಕಟ್ಟಪ್ಪಣೆ: ಯಾವ ಕಾರಣಕ್ಕೆ ನಿಂತರೂ ಸರಿ, ಕೇಸು ಹಿಡಿದು ತಿರುಗುವ ಶೆಲ್ ಪ್ಲೇಟಿನ ಮೇಲಿರುವ ಅಷ್ಟೂ ಕೇಸುಗಳನ್ನು ಕೆಳಗಿಳಿಸು, ಮದ್ದು ಬಿದ್ದಿರುವುದನ್ನು ಡಬ್ಬಿಗೆ ಸುರಿ, ಮೊದಲಿನಿಂದ ಶುರುಮಾಡು. ಫೋನ್ ಬಂದು ಎದ್ದುಹೋದರೂ ಇದೇ. ಗುಂಡು ಇಡುವ ಮೊದಲು ಪ್ರತಿ ಕೇಸಿನೊಳಗೆ ಇಣುಕಿ ನೋಡುವಂತೆ ಸಣ್ಣ ದೀಪ ಕಟ್ಟು.

ಈ ಪ್ರೆಸ್ಸಿನ ಸಿಕ್ಕಿಬೀಳುವಿಕೆಗೆ ಬಹಳ ಸಲ ಕಾರಣ ಶೆಲ್ ಪ್ಲೇಟಿನ ನಡುವಿನ ಬೋಲ್ಟು. ಅದು ಸಡಿಲಾದರೆ ಪ್ಲೇಟ್ ಓರೆಯಾಗಿ ಕೇಸುಗಳು ಡೈಯ ಬಾಯಿಗೆ ಸರಿಯಾಗಿ ಸೇರುವುದಿಲ್ಲ, ಪ್ರೈಮರ್ ಅಂಚಿಗೆ ತಾಗುತ್ತದೆ. ಹೆಚ್ಚು ಬಿಗಿದರೆ ಪ್ಲೇಟ್ ತಿರುಗುವುದಿಲ್ಲ. ತಿರುಗಬೇಕು, ಆದರೆ ಬೆರಳಿನಿಂದ ಎತ್ತಿದರೆ ಅಲುಗಬಾರದು, ಅಷ್ಟು. ಬಿಗಿದ ಮೇಲೆ ಬೋಲ್ಟಿನಿಂದ ಪ್ಲೇಟಿಗೆ ಸೇರಿಸಿ ಮಾರ್ಕರಿನಿಂದ ಒಂದು ಗೆರೆ ಎಳೆದುಬಿಡು. ಗೆರೆ ಮುರಿದಿದ್ದರೆ ಬೋಲ್ಟು ಜಾರಿದೆ ಎಂದು ದೂರದಿಂದಲೇ ಕಾಣುತ್ತದೆ. ಕಂಪ್ರೆಸ್ಸರಿನ ಬುನಾದಿ ಬೋಲ್ಟುಗಳಿಗೆ ನಾವು ಹೀಗೇ ಬಣ್ಣದ ಗೆರೆ ಎಳೆಯುತ್ತಿದ್ದೆವು. ಡೈಗಳ ಲಾಕ್ ರಿಂಗಿಗೂ, ಪ್ರೆಸ್ಸನ್ನು ಬೆಂಚಿಗೆ ಹಿಡಿದ ಬೋಲ್ಟಿಗೂ ಎಳೆ. ಬೆಂಚಿನ ಹಲಗೆ ದಪ್ಪವಿರಲಿ, ಹ್ಯಾಂಡಲ್ ಒತ್ತಿದಾಗ ಬಾಗಬಾರದು. ಕಡಲ ಹತ್ತಿರದ ನಿಮ್ಮೂರಿನ ತೇವಕ್ಕೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ನಮ್ಮೂರಿನ ಬಿಸಿಲಿಗೆ ಆ ಚಿಂತೆ ಇಲ್ಲ, ನಿನಗಿದೆ. ಡೈಗಳನ್ನು ಎಣ್ಣೆ ಸವರಿ ಇಡು, ಬಳಸುವಾಗ ಒರೆಸಿ ತೆಗೆ.

ಪ್ರೆಸ್ಸಿನ ತಪ್ಪು ಮೈದಾನದಲ್ಲೂ ಕಾಣಬಹುದು: ಗುಂಡು ಹೊಡೆದಾಗ ಸದ್ದು ಕ್ಷೀಣವಾಗಿ ಬಂದರೆ, ಭುಜಕ್ಕೆ ಪೆಟ್ಟು ಕಡಿಮೆ ಅನ್ನಿಸಿದರೆ ನಿಲ್ಲಿಸು. ಗುಂಡು ಬಂದೂಕಿನ ನಳಿಗೆಯ ನಡುವೆ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯಬಹುದು. ಸಿಡಿಯಲೇ ಇಲ್ಲವೆಂದರೆ ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯು. ತಡವಾಗಿ ಸಿಡಿಯುವುದೂ ಉಂಟು.

ಇಷ್ಟೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲು ಆಗದು, ಬರೆದಿಡು. ಯಾವ ದಿನ, ಯಾವ ಮದ್ದು, ಡಬ್ಬಿಯ ಮೇಲಿನ ಲಾಟ್ ನಂಬರ್, ಎಷ್ಟು ಗ್ರೇನ್, ಎಷ್ಟನೇ ಸಲ ತುಂಬಿದ ಕೇಸು, ಪ್ರೆಸ್ಸಿನಲ್ಲಿ ಏನು ಸರಿಮಾಡಿದೆ. ನಿನ್ನ ತಾಯಿ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದ ನಮ್ಮೂರು ಸಂತೆಕಲ್ಲೂರಿನ ಘನಮಠ ನೆನಪಿದೆಯೇ? ಆ ಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದವರು. ಶಿವಯೋಗದಲ್ಲಿದ್ದ ಹಿರಿಯರು ಒಕ್ಕಲುತನದ ವಿದ್ಯೆಯನ್ನು ಕಾಗದಕ್ಕೆ ಇಳಿಸಿದರು. ಕೈಕೆಲಸದ ಅರಿವು ಒಬ್ಬನ ಕೈಯಲ್ಲೇ ಉಳಿದರೆ ಅವನ ಜೊತೆ ಹೋಗುತ್ತದೆ. ಬರೆದವರ ಊರಿನವನು ನೀನು, ಒಂದು ನೋಟ್‌ಬುಕ್ ಇಡಲು ಸೋಮಾರಿತನ ಮಾಡಬೇಡ.

ಕೊಡಗಿನವರು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಆಚರಿಸುತ್ತಾರೆ, ಕೋವಿ ಒರೆಸಿ ಹೂವಿಟ್ಟು ಪೂಜೆ ಮಾಡುತ್ತಾರೆ. ನಮ್ಮಲ್ಲಿ ಮಹಾನವಮಿಗೆ ಪಾನಾ, ಕೊಡಲಿ, ಟ್ರ್ಯಾಕ್ಟರು ಎಲ್ಲವನ್ನೂ ತೊಳೆದು ವಿಭೂತಿ ಹಚ್ಚುತ್ತೇವೆ. ಪೂಜೆಗೆ ಮೊದಲು ತೊಳೆಯಲೇಬೇಕು ಎಂಬ ಪದ್ಧತಿಯಿಂದ ವರ್ಷಕ್ಕೊಮ್ಮೆಯಾದರೂ ಪ್ರತಿ ಉಪಕರಣ ಬಿಚ್ಚಿ ನೋಡಿದಂತಾಗುತ್ತದೆ, ಸವೆದದ್ದು ಕಣ್ಣಿಗೆ ಬೀಳುತ್ತದೆ. ನೀನೂ ಆ ದಿನ ಪ್ರೆಸ್ಸನ್ನು ಪೂರ್ತಿ ಬಿಚ್ಚು. ಮದ್ದು, ಪ್ರೈಮರ್ ಬೇರೆ ಕೋಣೆಯಲ್ಲಿ ಬೀಗದಲ್ಲಿರಲಿ, ದೀಪ ಅವುಗಳ ಹತ್ತಿರ ಬೇಡ. ಪಿನ್ನು ಸವೆದಿದ್ದರೆ ಬದಲಿಸು, ಸ್ಪ್ರಿಂಗು ಸೋತಿದ್ದರೆ ಬದಲಿಸು.

ತುಂಬಿದ ತೋಟಾವನ್ನು ಗೆಳೆಯರಿಗೆ ಕೊಡಬೇಡ, ಅವರು ಎಷ್ಟೇ ಕೇಳಲಿ. ನಿನ್ನ ಕೈಯ ತಪ್ಪಿಗೆ ಇನ್ನೊಬ್ಬನ ಕಣ್ಣು ಬೆಲೆ ತೆರಬಾರದು. ಮನಸ್ಸು ಚದುರಿದ ದಿನ, ಆಫೀಸಿನ ಜಗಳ ತಲೆಯಲ್ಲಿರುವ ದಿನ, ನಿದ್ದೆಗೆಟ್ಟ ದಿನ ಗ್ಯಾರೇಜಿನ ಬಾಗಿಲು ತೆರೆಯಬೇಡ.

ಈ ಶನಿವಾರ ಏನೂ ತುಂಬಬೇಡ. ಶೆಲ್ ಪ್ಲೇಟ್ ಬಿಚ್ಚಿ ಮಸಿ ತೆಗೆ, ಬೋಲ್ಟಿಗೆ ಗೆರೆ ಎಳೆ, ತೂಕದ ಬಿಲ್ಲೆ ತರಿಸು. ಆಮೇಲೆ ಖಾಲಿ ಹ್ಯಾಂಡಲನ್ನು ನಾಲ್ಕಾರು ಸಲ ಎಳೆದು ಕೈಗೆ ಏನು ತಿಳಿಯಿತು ಎಂದು ನನಗೆ ಫೋನ್ ಮಾಡಿ ಹೇಳು. ಇಲ್ಲಿ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಎತ್ತುತ್ತೇನೆ.